ತಿಜೋರಿ ಜಗಲಿಯ ಮೇಲೆ

2020ರ ಮಾರ್ಚ್. ಊರೂರುಗಳು ಬಾಗಿಲು ಹಾಕಿಕೊಳ್ಳುತ್ತಿದ್ದ ಆ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜನರಿಗೆ ಎರಡು ಮಾತು ಹೇಳುತ್ತಿತ್ತು. ನಮ್ಮ ಹೆಸರಿನಲ್ಲಿ ಇ-ಮೇಲ್ ಬಂದರೆ ಮೊದಲು ವಿಳಾಸ ನೋಡಿ, ಅದರ ಕೊನೆಯಲ್ಲಿ ‘ಡಬ್ಲ್ಯೂಎಚ್‌ಒ ಡಾಟ್ ಇಂಟ್’ ಎಂದಿಲ್ಲದಿದ್ದರೆ ಅದು ನಮ್ಮದಲ್ಲ ಎಂಬುದು ಒಂದು. ಕೋವಿಡ್ ಎದುರಿಸಲು ದೇಣಿಗೆ ಕೊಡಿ ಎಂಬುದು ಇನ್ನೊಂದು. ಆದರೆ ದೇಣಿಗೆಗೆಂದು ಸಾರಿದ ವಿಳಾಸ ‘ಕೋವಿಡ್19ರೆಸ್ಪಾನ್ಸ್‌ಫಂಡ್ ಡಾಟ್ ಆರ್ಗ್’. ಅದರಲ್ಲಿ ಸಂಸ್ಥೆಯ ಹೆಸರೂ ಇಲ್ಲ, ಡಾಟ್ ಇಂಟ್ ಕೂಡ ಇಲ್ಲ. ನಡುವೆ ಒಂದು ಅಡ್ಡಗೆರೆ ಸೇರಿಸಿಯೋ ಒಂದು ಅಕ್ಷರ ಬದಲಿಸಿಯೋ ಅದನ್ನೇ ಹೋಲುವ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು.

ಮನೆಗೆ ಭದ್ರವಾಗಿ ಬೀಗ ಹಾಕಿ ತಿಜೋರಿಯನ್ನು ಜಗಲಿಯ ಮೇಲಿಟ್ಟಂತಾಯಿತು ಇದು. ಅವಸರದಲ್ಲಿ ಆದದ್ದು ಎಂದು ಮನ್ನಿಸುವಂತಿಲ್ಲ. ಅವಸರದ ಹೊತ್ತಿಗೆಂದೇ ಆ ಬೀಗ ಇರುವುದು.

ಡಾಟ್ ಇಂಟ್ ಎಂಬುದು 1988ರಷ್ಟು ಹಳೆಯ ವ್ಯವಸ್ಥೆ. ಅಂತರ್ಜಾಲದ ಹೆಸರುಗಳ ಲೆಕ್ಕ ಇಡುತ್ತಿದ್ದ ಜಾನ್ ಪೋಸ್ಟೆಲ್ 1994ರಲ್ಲಿ ಬರೆದಿಟ್ಟ ನಿಯಮದ ಪ್ರಕಾರ, ಅದು ಮುಖ್ಯವಾಗಿ ದೇಶಗಳ ನಡುವಿನ ಒಪ್ಪಂದದಿಂದ ಹುಟ್ಟಿದ ಸಂಸ್ಥೆಗಳಿಗೆ ಮೀಸಲು. ಇಂದಿಗೂ ಅರ್ಜಿದಾರರು ಆ ಒಪ್ಪಂದವನ್ನು ತೋರಿಸಬೇಕು. ಒಂದು ಸಂಸ್ಥೆಗೆ ಒಂದೇ ಹೆಸರು. ಡಾಟ್ ಆರ್ಗ್‌ನಲ್ಲಿ ಕೋಟಿಗೂ ಮೀರಿ ಹೆಸರುಗಳಿದ್ದರೆ ಇಲ್ಲಿರುವುದು ಕೆಲವೇ ನೂರು. ನ್ಯಾಟೊ ಒಂದು ಕಾಲಕ್ಕೆ ತನ್ನ ಹೆಸರಿನದೇ ಪ್ರತ್ಯೇಕ ವಿಸ್ತರಣೆ ಇಟ್ಟುಕೊಂಡು ಮೆರೆದಿತ್ತು. ಕೊನೆಗೆ ಅದೂ ಈ ಸಾಲಿಗೇ ಬಂದು ನಿಂತಿತು, ಹಳೆಯದನ್ನು 1996ರಲ್ಲಿ ಅಳಿಸಲಾಯಿತು. ಇಂಟರ್‌ಪೋಲ್, ಬೌದ್ಧಿಕ ಸ್ವತ್ತಿನ ಸಂಸ್ಥೆ, ದೂರಸಂಪರ್ಕ ಒಕ್ಕೂಟ, ನಮ್ಮ ಗುರುಗ್ರಾಮದಲ್ಲಿ ನೆಲೆ ಇರುವ ಅಂತರರಾಷ್ಟ್ರೀಯ ಸೌರ ಒಕ್ಕೂಟ ಎಲ್ಲವೂ ಇಲ್ಲಿಯವೇ.

ಇದನ್ನು ಪ್ರತಿಷ್ಠೆಯ ಬಿಲ್ಲೆ ಎಂದುಕೊಂಡವರು ಅದರ ನಿಜವಾದ ಉಪಯೋಗ ಕಂಡಿಲ್ಲ. ‘ಇಂಟರ್‌ಪೋಲ್’ ಪದಕ್ಕೆ ‘ಹೆಲ್ಪ್’ ಎಂದೋ ‘ಇಂಡಿಯಾ’ ಎಂದೋ ಬಾಲ ಹಚ್ಚಿ ಡಾಟ್ ಕಾಮ್‌ನಲ್ಲಿ ಹೆಸರು ಕೊಳ್ಳಲು ವಂಚಕನಿಗೆ ಕೆಲವು ನೂರು ರೂಪಾಯಿ ಸಾಕು. ಡಾಟ್ ಇಂಟ್‌ನಲ್ಲಿ ಅವನು ಕೋಟಿ ಸುರಿದರೂ ನಡೆಯದು, ಅವನ ಬಳಿ ಒಪ್ಪಂದವಿಲ್ಲ. ಆದ್ದರಿಂದ ಜನಸಾಮಾನ್ಯರು ಇಡೀ ವಿಳಾಸವನ್ನು ಅಕ್ಷರ ಅಕ್ಷರವಾಗಿ ತೂಗಬೇಕಿಲ್ಲ, ಬಾಲ ನೋಡಿದರೆ ಆಯಿತು. ಕಳುಹಿಸಿದವರ ವಿಳಾಸವನ್ನೇ ನಕಲು ಮಾಡಿ ಮೇಲ್ ಬಿಡುವ ವಿದ್ಯೆಯೂ ಇದೆ, ಅದಕ್ಕೆ ಬೇರೆ ತಾಂತ್ರಿಕ ತಡೆ ಬೇಕು ಎಂಬುದು ನಿಜ. ಬೀಗ ಒಡೆಯುವವರಿದ್ದಾರೆಂದು ಯಾರೂ ಬಾಗಿಲನ್ನೇ ಕಿತ್ತು ಹಾಕುವುದಿಲ್ಲ.

ಹೀಗಿದ್ದೂ ವಿಶ್ವಸಂಸ್ಥೆ ಕುಳಿತಿರುವುದು ಡಾಟ್ ಆರ್ಗ್‌ನಲ್ಲಿ. ಯುನೆಸ್ಕೊ, ಯುನಿಸೆಫ್, ವಿಶ್ವಬ್ಯಾಂಕ್, ಐಎಂಎಫ್ ಕೂಡ ಅಲ್ಲಿಯೇ. ಜನರಿಗೆ ಪರಿಚಯವಾದ ಹೆಸರು, ಬದಲಿಸಿದರೆ ಗೊಂದಲ ಎಂಬ ಸಮಜಾಯಿಷಿ ಇದೆ. ಐರೋಪ್ಯ ಒಕ್ಕೂಟ 2006ರ ಮೇ 9ರಂದು ಡಾಟ್ ಇಂಟ್ ಬಿಟ್ಟು ಡಾಟ್ ಇಯುಗೆ ಹೋದಾಗ ಅದರ ಎಲ್ಲ ಕಚೇರಿಗಳ ವಿಳಾಸವೂ ಬದಲಾಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಅಲ್ಲಿಯೂ ತನ್ನ ಸಂಸ್ಥೆಗಳನ್ನು ‘ಯುರೋಪಾ’ ಎಂಬ ಒಂದೇ ಸೂರಿನಡಿ ಇಟ್ಟುಕೊಂಡ ಎಚ್ಚರ ಅದಕ್ಕಿತ್ತು.

ಡಾಟ್ ಆರ್ಗ್‌ನ ನೆಲವಾದರೂ ಎಷ್ಟು ಗಟ್ಟಿ? 2019ರ ನವೆಂಬರ್‌ನಲ್ಲಿ ಅದನ್ನು ನಡೆಸುವ ಸಂಸ್ಥೆಯನ್ನೇ ಈಥಾಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆ ಕಂಪನಿಗೆ 113.5 ಕೋಟಿ ಡಾಲರ್‌ಗೆ ಮಾರುವ ಪ್ರಸ್ತಾಪ ಹೊರಬಿತ್ತು. ಪ್ರಪಂಚದಾದ್ಯಂತ ಗದ್ದಲ ಎದ್ದ ಮೇಲೆ 2020ರ ಏಪ್ರಿಲ್ 30ರಂದು ಅಂತರ್ಜಾಲದ ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಅದನ್ನು ತಡೆಯಿತು. ಶಾಂತಿ, ಹಸಿವು, ಮಕ್ಕಳ ಲಸಿಕೆಯ ಜಾಲತಾಣಗಳು ನಿಂತ ನೆಲ ಐದಾರು ತಿಂಗಳು ಹರಾಜು ಕಟ್ಟೆಯ ಹತ್ತಿರ ಓಲಾಡಿತು. ಡಾಟ್ ಇಂಟ್ ಯಾರ ಅಂಗಡಿಯ ಸರಕೂ ಅಲ್ಲ.

ಮನಸ್ಸು ಮಾಡಿದರೆ ಆಗುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ರಿಸರ್ವ್ ಬ್ಯಾಂಕ್ 2025ರಲ್ಲಿ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಮೀಸಲು ವಿಳಾಸ ಗೊತ್ತುಪಡಿಸಿ, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅಲ್ಲಿಗೆ ಬರಬೇಕೆಂದು ಆದೇಶಿಸಿತು. ಹೆಸರು ಕೊಡುವ ಅಧಿಕಾರ ಹೈದರಾಬಾದಿನ ಒಂದೇ ಸಂಸ್ಥೆಗೆ. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿಗೂ ಪಟ್ಟಣ ಸಹಕಾರಿ ಬ್ಯಾಂಕಿಗೂ ಒಂದೇ ನಿಯಮ. ಜಿಲ್ಲಾ ಮಟ್ಟದ ಸಹಕಾರಿ ಬ್ಯಾಂಕಿನಿಂದ ಅಪೇಕ್ಷಿಸುವ ಶಿಸ್ತನ್ನು ನ್ಯೂಯಾರ್ಕಿನಿಂದ, ಜಿನೀವಾದಿಂದ ಅಪೇಕ್ಷಿಸಿದರೆ ಅತಿಯಾಯಿತೇ?

ವಿಶ್ವಸಂಸ್ಥೆಯ ಕೆಲಸ ಕೊಡಿಸುತ್ತೇವೆಂದು ಶುಲ್ಕ ಕೀಳುವವರ ಬಗ್ಗೆ ಆ ಸಂಸ್ಥೆಯೇ ವರ್ಷಗಳಿಂದ ಎಚ್ಚರಿಸುತ್ತಿದೆ. ನೇಮಕಾತಿಯ ಯಾವ ಹಂತದಲ್ಲೂ ನಾವು ಹಣ ಕೇಳುವುದಿಲ್ಲ ಎಂದು ಸಾರುತ್ತಿದೆ. ವಿದೇಶದ ಕೆಲಸಕ್ಕೆ ಅರ್ಜಿ ಹಾಕುವ ನರ್ಸ್, ಎಂಜಿನಿಯರ್ ಕರಾವಳಿಯಲ್ಲಿ ಮನೆಗೊಬ್ಬರಂತೆ ಇರುವಾಗ ಈ ಎಚ್ಚರಿಕೆ ನಮಗೂ ಸೇರಿದ್ದು. ಆದರೆ ಎಚ್ಚರ ವಹಿಸುವ ಹೊರೆಯನ್ನೆಲ್ಲ ಅರ್ಜಿದಾರರ ತಲೆಗೆ ಕಟ್ಟಿ, ತಾನು ಮಾತ್ರ ಯಾರಿಗೂ ತೆರೆದ ಸಂತೆಯಲ್ಲೇ ಕೂರುವುದು ಹೊಣೆಗೇಡಿತನ. ಒಪ್ಪಂದದಿಂದ ಹುಟ್ಟಿದ ಪ್ರತಿಯೊಂದು ಸಂಸ್ಥೆಯೂ ಡಾಟ್ ಇಂಟ್‌ಗೆ ಬರಬೇಕು. ಕನಿಷ್ಠಪಕ್ಷ ಹಣ ಕೇಳುವ ಪುಟ, ಕೆಲಸ ಕೊಡುವ ಪುಟ ಅಲ್ಲಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯಂತೂ ಪಾಠ ಕಲಿತಂತಿಲ್ಲ. 2020ರ ಮೇ ತಿಂಗಳಲ್ಲಿ ಅದರ ಕೆಲಸಕ್ಕೆ ದೇಣಿಗೆ ಕೂಡಿಸಲೆಂದು ಜಿನೀವಾದಲ್ಲಿ ಪ್ರತ್ಯೇಕ ಪ್ರತಿಷ್ಠಾನವೊಂದು ಹುಟ್ಟಿತು. ಕಾನೂನಿನ ಲೆಕ್ಕದಲ್ಲಿ ಅದು ಬೇರೆ ಸಂಸ್ಥೆ, ಡಾಟ್ ಇಂಟ್ ಅದಕ್ಕೆ ಸಿಗದು, ಸರಿ. ಹಾಗೆಂದು ತಾಯಿಸಂಸ್ಥೆಯ ಸೂರಿನಡಿ ಒಂದು ಪುಟ ಕೇಳುವ ಬದಲು ಅದು ಹಿಡಿದದ್ದು ‘ಡಬ್ಲ್ಯೂಎಚ್‌ಒ ಡಾಟ್ ಫೌಂಡೇಶನ್’ ಎಂಬ ವಿಳಾಸವನ್ನು. ಆ ಬಾಲವೂ ಕಾಸು ಕೊಟ್ಟವರಿಗೆಲ್ಲ ಸಿಗುವಂಥದ್ದೇ. ಎರಡು ತಿಂಗಳ ಹಿಂದೆ ಜನರಿಗೆ ಕಲಿಸಿದ ಪರೀಕ್ಷೆಯಲ್ಲಿ ಸ್ವಂತ ಹೆಸರಿನ ಪ್ರತಿಷ್ಠಾನವೇ ನಪಾಸು.