ಹೆದರಿಸುವ ಚಿತ್ರಗಳಿಗೇಕೆ ಹೆದರಬೇಕು?

ಭೂಕಂಪದಲ್ಲಿ ಬೆಟ್ಟವೊಂದು ಸೀಳಿಕೊಂಡಿದೆ. ಸೀಳಿನ ಗೋಡೆಯ ತುಂಬ ಮನುಷ್ಯಾಕಾರದ ರಂಧ್ರಗಳು. ಟಿ.ವಿ.ಯಲ್ಲಿ ಆ ದೃಶ್ಯವನ್ನು ಕಂಡವರು ಎಲ್ಲೆಲ್ಲಿಂದಲೋ ಅಲ್ಲಿಗೆ ಬರತೊಡಗುತ್ತಾರೆ. ಅಸಂಖ್ಯ ರಂಧ್ರಗಳ ನಡುವೆ ತಮ್ಮದೇ ಅಳತೆಯ ಒಂದನ್ನು ಗುರುತು ಹಿಡಿಯುತ್ತಾರೆ. ಅದು ತಮಗಾಗಿಯೇ ಕೊರೆದಿಟ್ಟದ್ದೆಂಬ ನಂಬಿಕೆಯಿಂದ ಒಬ್ಬೊಬ್ಬರಾಗಿ ಒಳಗೆ ನುಸುಳುತ್ತಾರೆ. ಮುಂದಕ್ಕಷ್ಟೇ ಸಾಗಬಹುದು, ಹಿಂದೆ ಸರಿಯಲಾಗದು. ಬೆಟ್ಟದ ಆಚೆ ಬದಿಯಲ್ಲಿಯೂ ರಂಧ್ರಗಳಿವೆ. ಆದರೆ ಅವುಗಳ ಆಕಾರ ಮನುಷ್ಯನದಲ್ಲ. ಜಪಾನಿನ ಚಿತ್ರಕಾರ ಜುಂಜಿ ಇತೊ ಅವರ ಒಂದು ಸಣ್ಣ ಕಥೆ ಇದು. ಇದರಲ್ಲಿ ದೆವ್ವವಿಲ್ಲ, ಕೊಲೆಗಾರನಿಲ್ಲ, ಅಟ್ಟಿಸಿಕೊಂಡು ಬರುವವರೂ ಇಲ್ಲ. ಜನ ತಾವಾಗಿಯೇ ಹೋಗುತ್ತಾರೆ. ಕಥೆಯ ಭಯವೆಲ್ಲ ಅಡಗಿರುವುದು ಅಲ್ಲಿ.

‘ಮಾಂಗಾ’ ಎಂದು ಕರೆಯಲಾಗುವ ಜಪಾನಿ ಕಾಮಿಕ್ಸ್ ಈಗ ನಮ್ಮ ನಗರಗಳ ಪುಸ್ತಕದಂಗಡಿಗಳಲ್ಲಿಯೂ ಇಂಗ್ಲಿಷ್ ಅನುವಾದದಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಭಯಾನಕ ಕಥೆಗಳದ್ದೇ ಒಂದು ಸಾಲು. ಹರೆಯದ ಮಕ್ಕಳು ಅದರ ಮುಂದೆ ನಿಲ್ಲುತ್ತಾರೆ. ಜೊತೆಗೆ ಬಂದ ತಂದೆತಾಯಿ ಒಂದೆರಡು ಪುಟ ಮಗುಚಿ ನೋಡಿ ಹೌಹಾರುತ್ತಾರೆ. ಈ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆನ್ನಿಗೇ ಬರುವ ‘ಇದೆಲ್ಲ ಕಸ’ ಎಂಬ ತೀರ್ಪನ್ನು ಒಪ್ಪಲಾರೆ. ಈ ಪ್ರಕಾರದ ಉತ್ತಮ ಕೃತಿಗಳು ಗಂಭೀರ ಕಲೆ ಎಂಬುದು ನನ್ನ ಅಭಿಪ್ರಾಯ. ಅವುಗಳನ್ನು ಹೇಗೆ ಓದಬೇಕು, ಯಾರು ಯಾವ ವಯಸ್ಸಿನಲ್ಲಿ ಓದಬೇಕು ಎಂಬ ಪ್ರಶ್ನೆಗಳನ್ನು ಕಲೆಯೆಂದು ಒಪ್ಪಿಕೊಂಡ ಮೇಲೆಯೇ ಸರಿಯಾಗಿ ಕೇಳಲು ಸಾಧ್ಯ.

ಇತೊ ಹುಟ್ಟಿದ್ದು 1963ರಲ್ಲಿ, ಗಿಫು ಪ್ರಾಂತ್ಯದಲ್ಲಿ. ಮೊದಲು ಅವರು ಕೃತಕ ಹಲ್ಲುಗಳನ್ನು ತಯಾರಿಸುವ ದಂತ ತಂತ್ರಜ್ಞರಾಗಿದ್ದರು. 1987ರಲ್ಲಿ ಒಂದು ಪತ್ರಿಕೆಯ ಸ್ಪರ್ಧೆಗೆ ಕಳುಹಿಸಿದ ‘ತೊಮಿಯೆ’ ಎಂಬ ಕಥೆ ಮೆಚ್ಚುಗೆ ಗಳಿಸಿದ ಮೇಲೆ ಚಿತ್ರವೇ ಅವರ ವೃತ್ತಿಯಾಯಿತು. ಅಮೆರಿಕದ ಐಸ್ನರ್ ಪ್ರಶಸ್ತಿಯನ್ನು 2019ರಲ್ಲಿ ಪಡೆದು, 2021ರಲ್ಲಿ ಮತ್ತೆ ಪಡೆದರು. ಅವರ ರೇಖೆಗಳಲ್ಲಿ ದಂತ ತಂತ್ರಜ್ಞನ ಶಿಸ್ತು ಇನ್ನೂ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಕೂದಲಿನ ಎಳೆ, ಚರ್ಮದ ಸುಕ್ಕು, ವಸಡಿನ ಹೊಳಪು ಎಲ್ಲವೂ ಅಳತೆ ತಪ್ಪದಷ್ಟು ನಿಖರ. ಅಸಂಭವವಾದುದನ್ನು ಅಸ್ಪಷ್ಟವಾಗಿ ಬರೆದು ಪಾರಾಗುವ ಉಪಾಯವನ್ನು ಅವರು ಮಾಡುವುದಿಲ್ಲ.

1998-99ರಲ್ಲಿ ಧಾರಾವಾಹಿಯಾಗಿ ಪ್ರಕಟವಾದ ಅವರ ‘ಉಜುಮಾಕಿ’ಯನ್ನು ಗಮನಿಸಿ. ಕಡಲ ತೀರದ ಒಂದು ಪುಟ್ಟ ಊರನ್ನು ಸುರುಳಿಯ ಆಕಾರ ಆವರಿಸಿಕೊಳ್ಳುತ್ತದೆ. ಯಾವುದೋ ಪಿಶಾಚಿಯ ಕಾಟವಲ್ಲ, ಬರಿಯ ಒಂದು ಆಕಾರ! ಮೊದಲು ಒಬ್ಬ ಗೃಹಸ್ಥ ಬಸವನಹುಳುವಿನ ಚಿಪ್ಪನ್ನು ದಿಟ್ಟಿಸುತ್ತ ಕೂರುತ್ತಾನೆ. ಸುರುಳಿಯಿರುವ ವಸ್ತುಗಳನ್ನೆಲ್ಲ ಮನೆಗೆ ತಂದು ಗುಡ್ಡೆ ಹಾಕುತ್ತಾನೆ. ಕೊನೆಗೆ ತನ್ನ ದೇಹವನ್ನೇ ಸುರುಳಿಯಾಗಿಸಿಕೊಳ್ಳುತ್ತಾನೆ. ಅವನ ಹೆಂಡತಿಗೆ ಸುರುಳಿಯೆಂದರೆ ಅಸಾಧ್ಯ ಭೀತಿ. ಬೆರಳ ತುದಿಯಲ್ಲಿಯೂ ಸುರುಳಿ ಕಂಡು ಆಕೆ ಕಂಗೆಡುತ್ತಾಳೆ. ಕಿವಿಯೊಳಗಿನ ಶಂಖುವೂ ಸುರುಳಿಯೇ ಎಂದು ತಿಳಿದ ಮೇಲೆ ಆಕೆ ಎಲ್ಲಿಗೆ ಓಡಬೇಕು? ಗೀಳು ಮನುಷ್ಯನನ್ನು ಹಿಡಿಯುವ ಬಗೆಯನ್ನು, ಒಂದು ಮನೆಯ ಗೀಳು ಊರಿನ ಗೀಳಾಗುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಾದಂಬರಿಗಳು ಹೆಚ್ಚಿಲ್ಲ. ಓದಿ ಮುಗಿಸಿದ ಬಳಿಕ ಕೆಲವು ದಿನ ನಲ್ಲಿಯ ನೀರು ಬಚ್ಚಲಿಗಿಳಿಯುವುದನ್ನು ನಾನು ಬೇರೆ ಕಣ್ಣಿನಿಂದ ನೋಡಿದ್ದುಂಟು.

ಇದು ಹೇಗೆ ಸಾಧ್ಯವಾಗುತ್ತದೆ? ಒಂದು ಕಾರಣ ಪುಸ್ತಕದ ರಚನೆಯಲ್ಲಿಯೇ ಇದೆ. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಎಡಪುಟದ ಕೊನೆಯ ಚೌಕದಲ್ಲಿ ಪಾತ್ರವೊಂದು ಬಾಗಿಲು ತೆರೆಯಲು ಕೈ ಚಾಚುತ್ತದೆ, ಅಥವಾ ಏನನ್ನೋ ಕಂಡು ಕಣ್ಣರಳಿಸುತ್ತದೆ. ಕಂಡದ್ದೇನೆಂಬುದು ಹಾಳೆಯ ಹಿಂಬದಿಯಲ್ಲಿರುತ್ತದೆ, ಹಲವು ಸಲ ಇಡೀ ಪುಟವನ್ನು ತುಂಬಿಕೊಂಡು. ಸಿನಿಮಾದಲ್ಲಿ ಕಾಲ ನಿರ್ದೇಶಕನ ಕೈಯಲ್ಲಿದೆ. ನಾವು ಕಣ್ಣು ಮುಚ್ಚಿದರೂ ದೃಶ್ಯ ಸರಿದುಹೋಗುತ್ತದೆ. ಇಲ್ಲಿ ಹಾಳೆಯನ್ನು ಮಗುಚಬೇಕಾದವರು ನಾವೇ. ಮಗುಚಿದ ಮೇಲೆ ಆ ಚಿತ್ರ ಅಲುಗದೆ ನಮ್ಮನ್ನು ನೋಡುತ್ತಿರುತ್ತದೆ. ಬೆಟ್ಟದ ರಂಧ್ರಕ್ಕೆ ತಾವಾಗಿಯೇ ನುಗ್ಗಿದವರಿಗೂ ಓದುಗನಿಗೂ ಅಷ್ಟೇನೂ ವ್ಯತ್ಯಾಸವಿಲ್ಲ. ಕಪ್ಪು-ಬಿಳುಪಿನ ಮುದ್ರಣವೂ ಇಲ್ಲಿ ಕೊರತೆಯಲ್ಲ. ರಕ್ತದ ಕೆಂಪಿಲ್ಲದ ಕಡೆ ಕಣ್ಣು ಆಕಾರದ ಮೇಲೆಯೇ ನೆಲೆಸುತ್ತದೆ.

ಈ ಕಲೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಎದೊ ಕಾಲದ ಜಪಾನಿನಲ್ಲಿ ನೂರು ಕಥೆಗಳ ಕೂಟವೆಂಬ ಒಂದು ರೂಢಿಯಿತ್ತು. ರಾತ್ರಿ ನೂರು ದೀಪ ಹಚ್ಚಿ, ಒಂದೊಂದು ಭೂತದ ಕಥೆ ಮುಗಿದಾಗಲೂ ಒಂದೊಂದನ್ನು ಆರಿಸುತ್ತ ಕತ್ತಲೆಯ ಕಡೆಗೆ ಸಾಗುವ ಆಟ ಅದು. 1776ರಲ್ಲಿ ತೊರಿಯಾಮ ಸೆಕಿಯೆನ್ ಭೂತಪ್ರೇತಗಳ ಸಚಿತ್ರ ಕೋಶವನ್ನೇ ಹೊರತಂದ. 1825ರಲ್ಲಿ ಕಬುಕಿ ರಂಗಕ್ಕೆ ಬಂದ ‘ಯೊತ್ಸುಯ ಕೈದಾನ್’ ನಾಟಕದಲ್ಲಿ ಗಂಡನ ದ್ರೋಹಕ್ಕೆ ಬಲಿಯಾದ ಓಯಿವ ವಿಕಾರ ಮುಖದ ಪ್ರೇತವಾಗಿ ಮರಳಿದಳು. ಕಡಲ ಅಲೆಯ ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತನಾದ ಹೊಕುಸಾಯಿ ಅದೇ ಓಯಿವಳನ್ನು ಹರಿದ ಕಾಗದದ ಲಾಂದ್ರದಲ್ಲಿ ಚಿತ್ರಿಸಿದ. ಜಪಾನಿನ ಭೂತಗಳು ಬಹುಮಟ್ಟಿಗೆ ಅನ್ಯಾಯಕ್ಕೊಳಗಾದವರ ಭೂತಗಳು ಎಂಬುದನ್ನು ಇಲ್ಲಿ ನೆನಪಿಡಬೇಕು.

ಎರಡನೆಯ ಮಹಾಯುದ್ಧ ಈ ಪರಂಪರೆಗೆ ಹೊಸ ಭಾರವನ್ನು ಹೊರಿಸಿತು. 1922ರಲ್ಲಿ ಹುಟ್ಟಿದ ಶಿಗೆರು ಮಿಜುಕಿ ಸೈನಿಕನಾಗಿ ನ್ಯೂ ಬ್ರಿಟನ್ ದ್ವೀಪಕ್ಕೆ ಹೋದವರು. ಎಡಗೈ ಕಳೆದುಕೊಂಡು ಮರಳಿದವರು. ಒಂದೇ ಕೈಯಿಂದ ಬರೆದ ಅವರ ‘ಕಿತಾರೊ’ ಸ್ಮಶಾನದಲ್ಲಿ ಹುಟ್ಟಿದ ಭೂತಬಾಲಕನ ಕಥೆ. ಅವರ ಭೂತಗಳು ಮನುಷ್ಯರಿಗಿಂತ ಮೃದುಸ್ವಭಾವದವು. ಅದೇ ಮಿಜುಕಿ 1973ರಲ್ಲಿ ತಮ್ಮ ಯುದ್ಧಾನುಭವದ ಕಥೆಯನ್ನೂ ಬರೆದರು. ಸಾಯಲೆಂದೇ ಆಜ್ಞೆ ಪಡೆದು ಹೊರಟ ಸೈನಿಕರ ಆ ಕಥೆಯ ಪಕ್ಕದಲ್ಲಿ ಕಿತಾರೊನ ಭೂತಗಳನ್ನು ಇಟ್ಟು ನೋಡಿದರೆ, ಭಯಾನಕವಾದದ್ದು ಎಲ್ಲಿದೆ ಎಂಬುದು ತಿಳಿಯುತ್ತದೆ.

2024ರ ಅಕ್ಟೋಬರ್‌ನಲ್ಲಿ 88ನೆಯ ವಯಸ್ಸಿನಲ್ಲಿ ನಿಧನರಾದ ಕಜುವೊ ಉಮೆಜು ಈ ಪ್ರಕಾರದ ಹಿರಿಯಣ್ಣ. 1965ರಲ್ಲಿ ಹುಡುಗಿಯರ ವಾರಪತ್ರಿಕೆಯೊಂದರಲ್ಲಿ ಅವರು ಬರೆದ ಕಥೆಯಲ್ಲಿ ಮನೆಗೆ ಬಂದ ತಾಯಿ ತಾಯಿಯಲ್ಲ, ಹಾವು. ಮಮತೆಯ ಮೂರ್ತಿಯೆಂದು ಪೂಜಿಸಲಾಗುವ ತಾಯಿಯ ಮುಖವೇ ಅಪರಿಚಿತವಾಗುವ ಆ ಕಲ್ಪನೆ ಸಾವಿರಾರು ಹುಡುಗಿಯರ ನಿದ್ದೆ ಕೆಡಿಸಿರಬೇಕು. ಆದರೂ ಅವರು ಮುಂದಿನ ವಾರದ ಸಂಚಿಕೆಗೆ ಕಾದರು. 1972ರಿಂದ 1974ರವರೆಗೆ ಬಂದ ಅವರ ‘ತೇಲಿಹೋದ ತರಗತಿ’ಯಲ್ಲಿ ಒಂದು ಪ್ರಾಥಮಿಕ ಶಾಲೆ ಮಕ್ಕಳ ಸಮೇತ ಮಾಯವಾಗಿ, ಮನುಷ್ಯರೇ ಹಾಳುಗೆಡವಿದ ಭವಿಷ್ಯದ ಮರುಭೂಮಿಯಲ್ಲಿ ಎಚ್ಚರಗೊಳ್ಳುತ್ತದೆ. ಮೊದಲು ಬುದ್ಧಿ ಕೆಡುವುದು ದೊಡ್ಡವರದು. ಆಹಾರ, ನೀರು, ರೋಗ, ಅಧಿಕಾರ ಎಲ್ಲವನ್ನೂ ಮಕ್ಕಳೇ ನಿಭಾಯಿಸಬೇಕಾಗುತ್ತದೆ. ಮಿನಮಾತಾದ ಪಾದರಸ ವಿಷಕ್ಕೆ ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ಜಪಾನ್ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಅದಾದ ನಾಲ್ಕು ವರ್ಷಕ್ಕೆ ಇಂಥ ಕಥೆಯೊಂದು ಮಕ್ಕಳ ವಾರಪತ್ರಿಕೆಯಲ್ಲಿ ಬಂತು. ದೊಡ್ಡವರು ನಿಮಗೆ ಎಂಥ ಭೂಮಿಯನ್ನು ಬಿಟ್ಟುಹೋಗುತ್ತಿದ್ದಾರೆ ಎಂದು ಮಕ್ಕಳಿಗೆ ನೇರವಾಗಿ ಹೇಳುವ ಧೈರ್ಯ ಆ ಕಾಲದ ಎಷ್ಟು ಪಠ್ಯಪುಸ್ತಕಗಳಿಗಿತ್ತು?

ಇಷ್ಟೆಲ್ಲ ಹೊಗಳಿದ ಮೇಲೆ ಆಕ್ಷೇಪಗಳನ್ನೂ ಪರಿಶೀಲಿಸಬೇಕು. ಈ ಪ್ರಕಾರದಲ್ಲಿ ಕೀಳು ಸರಕು ಧಾರಾಳವಾಗಿದೆ. ಹೆಣ್ಣಿನ ದೇಹವನ್ನು ಹಿಂಸಿಸುವುದನ್ನೇ ಚಪಲದ ವಸ್ತುವಾಗಿಸಿದ ಪುಸ್ತಕಗಳಿವೆ. ಅವನ್ನು ಸಮರ್ಥಿಸುವ ಆಸೆ ನನಗಿಲ್ಲ. ‘ತೊಮಿಯೆ’ಯ ಮೇಲೂ ಇಂಥ ದೂರು ಹೊರಿಸಬಹುದು. ಅತಿ ಸುಂದರಿಯಾದ ಹುಡುಗಿಯೊಬ್ಬಳನ್ನು ಮೋಹಿಸಿದ ಗಂಡಸರು ಕೊನೆಗೆ ಅವಳನ್ನು ಕೊಲ್ಲುತ್ತಾರೆ. ಅವಳು ಪ್ರತಿಸಲವೂ ಮರಳಿ ಬರುತ್ತಾಳೆ. ಕಥೆ ದೂಷಿಸುತ್ತಿರುವುದು ಅವಳ ಸೌಂದರ್ಯವನ್ನೋ, ಅವರ ಮೋಹವನ್ನೋ? ಉತ್ತರ ಪ್ರತಿ ಕಂತಿನಲ್ಲೂ ಸ್ಪಷ್ಟವಾಗಿಲ್ಲ. ಆದರೆ ಆ ಕಥೆ ಮೊದಲು ಪ್ರಕಟವಾದದ್ದು ಹುಡುಗಿಯರಿಗಾಗಿಯೇ ಹೊರಡುತ್ತಿದ್ದ ಭಯಾನಕ ಕಥೆಗಳ ಮಾಸಿಕದಲ್ಲಿ. ಗಂಡಸರ ಕಣ್ಣಿನಲ್ಲಿ ಮೋಹ ದ್ವೇಷವಾಗಿ ತಿರುಗುವ ಕ್ಷಣವನ್ನು ಆ ಓದುಗಿಯರು ಗುರುತಿಸಲಾರದವರೇನಲ್ಲ.

1989ರಲ್ಲಿ ನಾಲ್ವರು ಎಳೆಯ ಹೆಣ್ಣುಮಕ್ಕಳ ಕೊಲೆಗಾರನೊಬ್ಬ ಸಿಕ್ಕಿಬಿದ್ದಾಗ, ಅವನ ಕೋಣೆಯಲ್ಲಿದ್ದ ರಾಶಿ ರಾಶಿ ವಿಡಿಯೊಗಳನ್ನು ಪತ್ರಿಕೆಗಳು ಮತ್ತೆ ಮತ್ತೆ ತೋರಿಸಿದವು. ಜಪಾನಿನಲ್ಲಿ ಭಯಾನಕ ಚಿತ್ರ, ಕಾಮಿಕ್ಸ್‌ಗಳ ಮೇಲೆಲ್ಲ ಸಂಶಯದ ನೆರಳು ಬಿತ್ತು. ಆ ಸಂಕಟದಲ್ಲಿ ಅದು ಸಹಜವೂ ಇರಬಹುದು. ಆದರೆ ಅಂಥ ಪುಸ್ತಕಗಳನ್ನು ಓದಿದ ಅಸಂಖ್ಯಾತರಲ್ಲಿ ಒಬ್ಬ ಕೊಲೆಗಾರನಾದರೆ ಪುಸ್ತಕವೇ ಕಾರಣವೆನ್ನುವುದು ತರ್ಕವಲ್ಲ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇನ್ನೊಂದು ಘಟನೆ. ಹಿರೊಷಿಮಾದ ಬಾಂಬ್ ದಾಳಿಯಲ್ಲಿ ಬದುಕುಳಿದ ಕೇಜಿ ನಕಜಾವ 1973ರಲ್ಲಿ ಆರಂಭಿಸಿದ ‘ಬರಿಗಾಲ ಗೆನ್’ ಭಯಾನಕ ಕಥೆಗಳ ಸಾಲಿಗೆ ಸೇರಿದ್ದಲ್ಲ, ಅದು ಸಾಕ್ಷ್ಯ. ಆದರೆ ಅದರಲ್ಲಿ ಚರ್ಮ ಜೋತುಬಿದ್ದ ಮನುಷ್ಯರು ನಡೆದಾಡುವ ಪುಟಗಳಿಗಿಂತ ಭೀಕರವಾದದ್ದನ್ನು ಇತೊ ಕೂಡ ಬರೆದಿಲ್ಲ. 2012ರ ಕೊನೆಯಲ್ಲಿ ಮತ್ಸುಯೆ ನಗರದ ಶಿಕ್ಷಣ ಮಂಡಳಿ, ಮಕ್ಕಳಿಗೆ ಇದು ಅತಿಯಾಯಿತೆಂದು, ಶಾಲಾ ಗ್ರಂಥಾಲಯಗಳಲ್ಲಿ ಈ ಪುಸ್ತಕ ಮುಕ್ತವಾಗಿ ಸಿಗದಂತೆ ಮಾಡಲು ಸೂಚಿಸಿತು. ವ್ಯಾಪಕ ಪ್ರತಿಭಟನೆಯ ನಂತರ 2013ರ ಆಗಸ್ಟ್‌ನಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. 2023ರಲ್ಲಿ ಸ್ವತಃ ಹಿರೊಷಿಮಾ ನಗರವೇ ತನ್ನ ಶಾಂತಿ ಶಿಕ್ಷಣದ ಪಠ್ಯದಿಂದ ಗೆನ್‌ನನ್ನು ಕೈಬಿಟ್ಟಿತು. ಮಕ್ಕಳ ಎಳೆಯ ಮನಸ್ಸಿನ ಹೆಸರಿನಲ್ಲಿ ಎತ್ತಿದ ಕತ್ತರಿ ಎಲ್ಲಿಗೆ ಹೋಗಿ ತಲುಪಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ? ಕಲ್ಪಿತ ಭಯವನ್ನು ಮುಚ್ಚಿಡುವ ಅಭ್ಯಾಸ ನಡೆದುಹೋದ ಭಯವನ್ನೂ ಮುಚ್ಚಿಡಲು ಕಲಿಸುತ್ತದೆ.

ನಮ್ಮ ಕಾವ್ಯಮೀಮಾಂಸಕರು ಈ ವಿಷಯದಲ್ಲಿ ನಮಗಿಂತ ಉದಾರಿಗಳು. ಭಯಾನಕ, ಬೀಭತ್ಸಗಳೆರಡನ್ನೂ ಅವರು ಶೃಂಗಾರ, ವೀರಗಳ ಪಂಕ್ತಿಯಲ್ಲಿಯೇ ಕೂರಿಸಿದರು. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆಂಬ ಭರತನ ಮಾತಿಗೆ ಇತೊ ಅವರ ಪುಟಗಳಿಗಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ತನ್ನವರ ಹೆಣಗಳ ನಡುವೆ, ಮರುಳುಗಳ ಅಣಕವನ್ನು ಕೇಳುತ್ತ ನಡೆಯುತ್ತಾನೆ, ಆ ರಣರಂಗದ ಜುಗುಪ್ಸೆಯಿಲ್ಲದೆ ಅವನ ದುಃಖ ನಮ್ಮನ್ನು ತಟ್ಟುತ್ತಿರಲಿಲ್ಲ. ಇನ್ನು ‘ಚಂದಮಾಮ’ ಓದಿ ಬೆಳೆದ ತಲೆಮಾರು ತಿಂಗಳು ತಿಂಗಳೂ ಹೆಗಲ ಮೇಲೆ ಶವ ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ನೋಡಿಕೊಂಡೇ ದೊಡ್ಡದಾಯಿತು. ಆ ಶವ ಕೇಳುತ್ತಿದ್ದ ಪ್ರಶ್ನೆಗಳು ಧರ್ಮಸೂಕ್ಷ್ಮದ ಪ್ರಶ್ನೆಗಳಾಗಿದ್ದವು. ಅದನ್ನು ಕೈಗಿತ್ತ ತಂದೆತಾಯಿಯರನ್ನು ಯಾರೂ ಬೇಜವಾಬ್ದಾರರೆನ್ನಲಿಲ್ಲ.

ಹಾಗೆಂದು ಹತ್ತು ವರ್ಷದ ಮಗುವಿನ ಕೈಗೆ ‘ಉಜುಮಾಕಿ’ ಕೊಡಿ ಎನ್ನುತ್ತಿಲ್ಲ. ಚಿತ್ರಗಳಿರುವ ಪುಸ್ತಕವೆಲ್ಲ ಮಕ್ಕಳ ಪುಸ್ತಕ ಎಂಬ ನಮ್ಮ ಹಳೆಯ ನಂಬಿಕೆಯನ್ನು ಮೊದಲು ಬಿಡಬೇಕು. ಜಪಾನಿನಲ್ಲಿ ಬಾಲಕರಿಗೆ, ಬಾಲಕಿಯರಿಗೆ, ವಯಸ್ಕರಿಗೆ ಪ್ರತ್ಯೇಕ ಮಾಂಗಾ ಪತ್ರಿಕೆಗಳಿವೆ. ‘ಉಜುಮಾಕಿ’ ಬಂದದ್ದು ದೊಡ್ಡವರ ವಾರಪತ್ರಿಕೆಯಲ್ಲಿ. ಇಲ್ಲಿನ ಅಂಗಡಿಗಳು ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಒಟ್ಟದೆ ವಯಸ್ಸಿಗೆ ತಕ್ಕಂತೆ ಬೇರ್ಪಡಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಉಳಿದರ್ಧ ಮನೆಯದು. ಹದಿನಾರರ ಮಗ ಅಥವಾ ಮಗಳು ಇಂಥದೊಂದು ಪುಸ್ತಕ ತಂದಾಗ ಕಿತ್ತುಕೊಳ್ಳುವ ಬದಲು, ಅವರು ಓದಿ ಮುಗಿಸಿದ ಮೇಲೆ ಕೇಳಿ ಪಡೆದು ನಾವೂ ಓದಬಹುದು. ಈ ಪುಸ್ತಕದಲ್ಲಿ ನಿನಗೆ ಯಾವುದು ಹೆದರಿಕೆ ತಂದಿತು ಎಂದು ಕೇಳಬಹುದು. ಪರೀಕ್ಷೆಯ ಅಂಕಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಎಂದೂ ಸಿಗದ ಉತ್ತರ ಈ ಪ್ರಶ್ನೆಗೆ ಸಿಕ್ಕೀತು.