ಪೈಪು ತೆಗೆದ ಮರುದಿನದಿಂದ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ ಜಿಲ್ಲೆ
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಮಂಡ್ಯ

ಅರ್ಜಿದಾರರು: ಮಂಡ್ಯ ತಾಲ್ಲೂಕು ಕೊತ್ತತ್ತಿ ಹೋಬಳಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರು ಹಾಗೂ ಅವರ ಮನೆಯವರು

ವಿಷಯ: ಶಸ್ತ್ರಚಿಕಿತ್ಸೆಯ ನಂತರದ ಮೂತ್ರ ಸೋರಿಕೆಗೆ ಒಂದು ವರ್ಷದ ಆರೈಕೆ ಒದಗಿಸಿಕೊಡುವ ಬಗ್ಗೆ

ಮಾನ್ಯರೇ,

ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡು ಊರಿಗೆ ಮರಳುವ ಗಂಡಸಿನ ಜೊತೆ ಒಂದು ಪೈಪು, ಒಂದು ಚೀಲ ಮನೆಗೆ ಬರುತ್ತವೆ. ಅವು ಇರುವಷ್ಟು ದಿನ ಕಿರಿಕಿರಿ ಇದ್ದರೂ ಮೂತ್ರ ತನ್ನಷ್ಟಕ್ಕೆ ಚೀಲ ಸೇರುತ್ತಿರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಪೈಪು ತೆಗೆಯುತ್ತಾರೆ. ಸೋರಿಕೆ ಕಾಣಿಸಿಕೊಳ್ಳುವುದು ಆಗ. ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಖರ್ಚು ನೋಡಿಕೊಳ್ಳುತ್ತದೆ. ಆದರೆ ಹೆಚ್ಚಿನವರಲ್ಲಿ ಮೂತ್ರ ಹತೋಟಿಗೆ ಬರಲು ಮೂರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಯೋಜನೆಯ ಗಡುವು ಮುಗಿಯುವ ಹೊತ್ತಿಗೆ ರೋಗಿಯ ಕಷ್ಟ ಆಗತಾನೇ ಶುರುವಾಗಿರುತ್ತದೆ. ಮಿಕ್ಕ ಹನ್ನೊಂದೂವರೆ ತಿಂಗಳು ಯಾರ ಹೊಣೆ ಎಂಬುದೇ ಈ ಮನವಿಯ ಪ್ರಶ್ನೆ.

ಇದು ಯಾವ ಆಸ್ಪತ್ರೆಯ ಮೇಲಿನ ದೂರೂ ಅಲ್ಲ. ವೈದ್ಯರ ಕೈತಪ್ಪಿನಿಂದ ಆಗುವ ಸೋರಿಕೆ ಇದಲ್ಲ. ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕತ್ತಿನಲ್ಲಿ ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ಕ್ಯಾನ್ಸರ್ ಬಂದ ಗ್ರಂಥಿಯನ್ನು ಪೂರ್ತಿ ತೆಗೆಯುವಾಗ ಮೂತ್ರ ತಡೆದಿಡುವ ಒಳಗಿನ ಬಿಗಿತವೂ ಅದರೊಂದಿಗೇ ಹೋಗುತ್ತದೆ. ಅಷ್ಟು ವರ್ಷ ಇಬ್ಬರು ಕಾಯುತ್ತಿದ್ದ ಬಾಗಿಲನ್ನು ಕೆಳಗಿನ ಸ್ನಾಯು ಒಂದೇ ಕಾಯಬೇಕಾಗುತ್ತದೆ. ಅದು ಬಲಗೊಳ್ಳುವವರೆಗೆ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ಕಬ್ಬಿನ ಹೊರೆ ಎತ್ತಿದರೆ ತೊಟ್ಟಿಕ್ಕುತ್ತದೆ. ಬ್ರಿಟನ್ನಿನಲ್ಲಿ ನಡೆದ ‘ಪ್ರೊಟೆಕ್ಟ್’ ಎಂಬ ದೊಡ್ಡ ಅಧ್ಯಯನ 2016ರಲ್ಲಿ ಇದರ ಲೆಕ್ಕ ಕೊಟ್ಟಿತು. ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರಲ್ಲಿ ಆರು ತಿಂಗಳ ಹೊತ್ತಿಗೆ ಶೇ 46ರಷ್ಟು ಜನ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದರು. ಆರು ವರ್ಷಗಳ ನಂತರವೂ ಶೇ 17ರಷ್ಟು ಜನ ಅದನ್ನು ಬಿಟ್ಟಿರಲಿಲ್ಲ. ನುರಿತ ಶಸ್ತ್ರಚಿಕಿತ್ಸಕರು, ಒಳ್ಳೆಯ ಆಸ್ಪತ್ರೆಗಳು ಇರುವ ದೇಶದ ಮಾತಿದು.

ಕೊತ್ತತ್ತಿ ಸೀಮೆಯಲ್ಲಿ ಈ ಕಷ್ಟ ಬೇರೆಯದೇ ವೇಷ ತೊಡುತ್ತದೆ. ಇಲ್ಲಿನ ಹಿರಿಯರ ಉಡುಪು ಪಂಚೆ, ಒಳಗೆ ಪಟಾಪಟಿ ಚಡ್ಡಿ. ಅಂಗಡಿಯಿಂದ ತಂದ ಪ್ಯಾಡು ಸಡಿಲ ಚಡ್ಡಿಯೊಳಗೆ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ತೊಡೆಸಂದಿಗೆ ಸರಿಯುತ್ತದೆ. ಬಿಳಿ ಪಂಚೆಯ ಮೇಲೆ ಒದ್ದೆ ಎದ್ದು ಕಾಣುತ್ತದೆ. ಆಗ ಹಳೇ ಸೀರೆ ಹರಿದು ಮಡಿಸಿ ಲಂಗೋಟಿ ಕಟ್ಟುವುದು, ಅದರ ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತುವುದು. ಆ ಬಟ್ಟೆಯನ್ನು ಬಿಸಿಲಿಗೆ ಹಾಕಲು ನಾಚಿಕೆಪಟ್ಟು ಕೊಟ್ಟಿಗೆಯ ಒಳಗೆ ಒಣಹಾಕುತ್ತಾರೆ. ಅರೆಬರೆ ಒಣಗಿದ ಬಟ್ಟೆಯಿಂದ ತೊಡೆಸಂದಿ ಕೆಂಪಗೆ ಬೆಂದು ಚರ್ಮ ಸುಲಿಯುತ್ತದೆ. ಒಗೆಯುವ ಕೆಲಸವಂತೂ ಮನೆಯಾಕೆಯದೇ.

ಇನ್ನು ಬೀಗರೂಟ. ಮಂಡ್ಯದವನೊಬ್ಬ ಬೀಗರೂಟ ತಪ್ಪಿಸುತ್ತಾನೆಂದರೆ ಕಾರಣ ಗಟ್ಟಿಯಾದದ್ದೇ ಇರಬೇಕು. ಪಂಕ್ತಿಯಲ್ಲಿ ಕೂತು ಉಂಡು ಏಳುವಾಗ ಹೊಟ್ಟೆಯ ಮೇಲೆ ಬೀಳುವ ಒತ್ತಡಕ್ಕೆ ಸೋರುತ್ತದೆ ಎಂಬ ಭಯಕ್ಕೆ ಹತ್ತಿರದ ಸಂಬಂಧಿಕರ ಮದುವೆಗೂ ಹೋಗದೆ ‘ಮೈಗೆ ಹುಷಾರಿಲ್ಲ’ ಎಂದು ಉಳಿಯುವವರಿದ್ದಾರೆ. ದೇವಸ್ಥಾನದ ಮೆಟ್ಟಿಲು ಹತ್ತಲು ಮೈಲಿಗೆಯ ಅಂಜಿಕೆ. ಬಸ್ಸು ಹತ್ತಬೇಕಾದ ದಿನ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆದ ಸೀಮೆಯಲ್ಲಿ ಮನುಷ್ಯ ನೀರಿಗೆ ಹೆದರುವ ಪರಿ ಇದು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ಕಡಿಮೆ ಮಾಡಬೇಕಾದದ್ದು ಕಾಫಿ, ಟೀ, ಮದ್ಯ. ಇಷ್ಟು ಸಣ್ಣ ಮಾತನ್ನು ಬಿಡುಗಡೆಯ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಎಷ್ಟೋ ತೊಂದರೆ ತಪ್ಪುತ್ತದೆ.

ಬಾಯಿ ಬಿಡದಿರುವುದು ಹಳ್ಳಿಗಷ್ಟೇ ಅಂಟಿದ ಜಾಡ್ಯವಲ್ಲ. ಅಮೆರಿಕದ ರಕ್ಷಣಾ ಸಚಿವರಾಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದನ್ನು ತಮ್ಮ ಅಧ್ಯಕ್ಷರಿಗೂ ಹೇಳದೆ ಇದ್ದು ಆಮೇಲೆ ಕ್ಷಮೆ ಕೇಳಬೇಕಾಯಿತು. ನಮ್ಮಲ್ಲಿ ಇದಕ್ಕೆ ಎದುರಾದ ಉದಾಹರಣೆಯೂ ಇದೆ. ನಟ ಶಿವರಾಜ್‌ಕುಮಾರ್ ಅವರದು ಪ್ರಾಸ್ಟೇಟ್ ಅಲ್ಲ, ಮೂತ್ರಕೋಶದ ಕ್ಯಾನ್ಸರ್. 2024ರ ಡಿಸೆಂಬರ್ 24ರಂದು ಮಯಾಮಿಯಲ್ಲಿ ಮೂತ್ರಕೋಶ ತೆಗೆದು ಕರುಳಿನಿಂದ ಹೊಸದು ರೂಪಿಸಿದರೆಂಬುದನ್ನು ಅವರೂ ಅವರ ಕುಟುಂಬದವರೂ ಮುಚ್ಚಿಡಲಿಲ್ಲ. ‘ಮೂತ್ರಕೋಶ’ ಎಂಬ ಮಾತು ಕನ್ನಡದ ಮನೆಗಳ ಟೀವಿಯಲ್ಲಿ ಸಂಕೋಚವಿಲ್ಲದೆ ಕೇಳಿಬಂತು. ಅರಳಿಕಟ್ಟೆಯ ಮಾತು ಬದಲಾಗಲು ಕೆಲವೊಮ್ಮೆ ಒಬ್ಬ ಸಿನಿಮಾ ನಟ ಬೇಕಾಗುತ್ತದೆ. ಆದರೆ ಆಡಳಿತ ಬದಲಾಗಲು ಆದೇಶವೇ ಬೇಕು. ಅದಕ್ಕೇ ಈ ಅರ್ಜಿ.

ಅರ್ಜಿದಾರರ ಮೊದಲ ಕೋರಿಕೆ ದುಡ್ಡಿನದಲ್ಲ, ಪಾಠದ್ದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ, ಹೆರಿಗೆಯ ನಂತರ ಮೂತ್ರ ಸೋರುವ ಹೆಂಗಸರಿಗೆಂದು ಬರೆದ ವ್ಯಾಯಾಮವೇ ಇಂದು ಗಂಡಸರಿಗೂ ಕೊಡುವ ಮೊದಲ ಮದ್ದು. ನಾಲ್ಕು ಜನರ ನಡುವೆ ಕೂತಾಗ ಗಾಳಿ ಹೋಗದಂತೆ ಬಿಗಿಹಿಡಿಯುವ ಸ್ನಾಯು ಯಾವುದೋ ಅದನ್ನು ಬಿಗಿಯಬೇಕು. ಹತ್ತು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಟ್ಟು, ಒಂದು ಸಲಕ್ಕೆ ಹತ್ತು ಬಾರಿಯಂತೆ ದಿನಕ್ಕೆ ಮೂರು ಹೊತ್ತು ಮಾಡಬೇಕು. ಉಸಿರು ಕಟ್ಟಬಾರದು, ಹೊಟ್ಟೆ–ತೊಡೆ ಬಿಗಿಯಬಾರದು. ಪೈಪು ಒಳಗಿರುವಾಗ ಮಾಡಬಾರದು. ಮೂತ್ರ ಮಾಡುವಾಗ ನಡುವೆ ತಡೆಯುವುದನ್ನೇ ಅಭ್ಯಾಸ ಮಾಡಿಕೊಳ್ಳಲೂ ಬಾರದು. ಏಳುವ ಮುನ್ನ, ಕೆಮ್ಮುವ ಮುನ್ನ, ಹೊರೆಗೆ ಕೈ ಹಾಕುವ ಮುನ್ನ ಒಮ್ಮೆ ಬಿಗಿಯುವುದನ್ನು ರೂಢಿಸಿಕೊಳ್ಳಬೇಕು. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತವನಿಗೆ ಪೈಪು ತೆಗೆದ ದಿನ ಏನು ಮಾಡಬೇಕೆಂದು ತಿಳಿದಿರುತ್ತದೆ. ಆಮೇಲೆ ಕಾಗದದಲ್ಲಿ ಇಂಗ್ಲಿಷಿನಲ್ಲಿ ಓದಿದವನು ತಪ್ಪು ಸ್ನಾಯು ಬಿಗಿದು ತಿಂಗಳುಗಟ್ಟಲೆ ಕಳೆಯುತ್ತಾನೆ.

ಕೇಂದ್ರ ಸರ್ಕಾರದ ಕ್ಯಾನ್ಸರ್ ಆರೈಕೆ ಬಲವರ್ಧನೆ ಯೋಜನೆಯಡಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ (ಮಿಮ್ಸ್) ಕ್ಯಾನ್ಸರ್ ಕೇಂದ್ರ ಮಂಜೂರಾಗಿದೆ. ಆ ಕೇಂದ್ರದ ಕೆಲಸದ ಪಟ್ಟಿಯಲ್ಲಿ ವಾರಕ್ಕೊಂದು ದಿನದ ‘ಮೂತ್ರ ಹತೋಟಿ ಕ್ಲಿನಿಕ್’ ಸೇರಬೇಕು, ಅದಕ್ಕೆ ತರಬೇತಾದ ಫಿಜಿಯೋಥೆರಪಿಸ್ಟ್ ಒಬ್ಬರು ಇರಬೇಕು. ಶಸ್ತ್ರಚಿಕಿತ್ಸೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಾಗಲಿ, ಮೈಸೂರಿನಲ್ಲಾಗಲಿ ಆಗಿರಲಿ, ಮುಂದಿನ ಆರೈಕೆ ಮಂಡ್ಯದಲ್ಲಿ ಸಿಗಬೇಕು. ಸೋರುವ ಮೈ ಹೊತ್ತು ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂರುವುದು ಎಂಥದ್ದೆಂದು ಕೂತವರಿಗೇ ಗೊತ್ತು.

ಹಳ್ಳಿಯಲ್ಲಿ ಈ ವಿಷಯ ಕೇಳುವವರು ಗಂಡಸರಾಗಿದ್ದರೆ ಒಳ್ಳೆಯದು. ಆಶಾ ಕಾರ್ಯಕರ್ತೆಯರ ಮೇಲೆ ಅರ್ಜಿದಾರರಿಗೆ ಗೌರವವಿದೆ. ಆದರೂ ಮಗಳ ವಯಸ್ಸಿನವಳ ಮುಂದೆ ಎಪ್ಪತ್ತರ ಮುದುಕ ‘ಒದ್ದೆಯಾಗುತ್ತೆ ಕಣವ್ವ’ ಎನ್ನಲಾರ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಬಿಪಿ, ಶುಗರ್ ನೋಡಲು ಮನೆ ಬಾಗಿಲಿಗೇ ಹೋಗುತ್ತಾರೆ. ಅದೇ ಮಾದರಿಯಲ್ಲಿ ಪುರುಷ ಆರೋಗ್ಯ ಸಿಬ್ಬಂದಿ ಶಸ್ತ್ರಚಿಕಿತ್ಸೆಯಾದವರ ಮನೆಗೆ ಮೊದಲ ವರ್ಷ ಹೋಗಿಬರಲಿ. ಜ್ವರ, ಉರಿ, ರಕ್ತ, ಮೂತ್ರದ ಧಾರೆ ಸಣ್ಣಗಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳಿಸಲಿ. ಸೋರಿಕೆ ನಿಲ್ಲಿಸಲು ರಬ್ಬರ್ ಬ್ಯಾಂಡು, ದಾರ ಬಿಗಿಯುವ ಯೋಚನೆ ಬಂದವರಿಗೆ ಅದರಿಂದ ರಕ್ತ ಸಂಚಾರ ನಿಂತು ಅಂಗಕ್ಕೇ ಅಪಾಯವೆಂದು ಎಚ್ಚರಿಸಲಿ.

ಎರಡನೆಯ ಕೋರಿಕೆ ಪ್ಯಾಡಿನದು. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಮೂರು ನಾಲ್ಕು ಬದಲಿಸಬೇಕಾಗುವುದು ಸಾಮಾನ್ಯ. ಕೂಲಿ ಮಾಡುವವನಿಗೆ ಇದು ತೂಗದ ಖರ್ಚು. ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡು ಕೊಡುವ ಶುಚಿ ಯೋಜನೆಯನ್ನು ಇದೇ ರಾಜ್ಯ ಹಿಂದೆಯೇ ಮಾಡಿ ತೋರಿಸಿದೆ. ಜನೌಷಧಿ ಅಂಗಡಿಗಳಲ್ಲಿ 2019ರಿಂದ ‘ಸುವಿಧಾ’ ಪ್ಯಾಡಿಗೆ ಒಂದು ರೂಪಾಯಿ. ಮುಟ್ಟಿನ ಪ್ಯಾಡಿಗೆ 2018ರ ಜುಲೈನಿಂದ ಜಿಎಸ್‌ಟಿಯೇ ಇಲ್ಲ. ವಯಸ್ಕರ ಡೈಪರಿಗೆ ಮಾತ್ರ 2025ರ ಸೆಪ್ಟೆಂಬರ್ 21ರವರೆಗೆ ಶೇ 12 ಇತ್ತು, ಈಗ ಶೇ 5. ತೆರಿಗೆ ಮಂಡ್ಯದಲ್ಲಿ ತೀರ್ಮಾನವಾಗುವ ವಿಷಯವಲ್ಲವೆಂದು ಅರ್ಜಿದಾರರು ಬಲ್ಲರು. ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಬಿಪಿಎಲ್ ಕುಟುಂಬದ ರೋಗಿಗೆ ವರ್ಷಪೂರ್ತಿ ತಿಂಗಳಿಗೊಂದು ಕಿಟ್ ಕೊಡುವುದು ಮಾತ್ರ ಇಲ್ಲಿಯೇ ಆಗಬಲ್ಲದು. ಅದರಲ್ಲಿ ಗಂಡಸರ ಪ್ಯಾಡು, ಅದನ್ನು ಹಿಡಿದಿಡುವ ಎರಡು ಬಿಗಿ ಒಳಚಡ್ಡಿ, ಚರ್ಮಕ್ಕೆ ಹಚ್ಚುವ ಮುಲಾಮು, ಹಾಸಿಗೆಗೆ ರಬ್ಬರ್ ಶೀಟು ಇದ್ದರೆ ಸಾಕು. ಪಟಾಪಟಿ ಚಡ್ಡಿಯ ಸೀಮೆಗೆ ಬರೀ ಪ್ಯಾಡು ಕಳಿಸಿ ಪ್ರಯೋಜನವಿಲ್ಲ.

ಬಳಸಿದ ಪ್ಯಾಡು ಎಲ್ಲಿ ಹಾಕಬೇಕು? ಗಂಡಸರ ಶೌಚಾಲಯದಲ್ಲಿ ಕಸದ ಡಬ್ಬಿಯೇ ಇರುವುದಿಲ್ಲ. ಗಂಡಸಿಗೆ ಅದು ಬೇಕಾದೀತೆಂದು ಕಟ್ಟಿಸಿದವರಿಗೆ ಹೊಳೆದಿರುವುದಿಲ್ಲ. ಒದ್ದೆ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಊರಿಗೇ ತರಬೇಕು. ಬ್ರಿಟನ್ನಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸಂಸ್ಥೆಯೊಂದು ಇದಕ್ಕಾಗಿಯೇ ಅಭಿಯಾನ ನಡೆಸಿದೆ. ಜಪಾನಿನಲ್ಲಿ ಸ್ಥಳೀಯ ಆಡಳಿತಗಳು ಗಂಡಸರ ಶೌಚಾಲಯಗಳಲ್ಲಿ ಡಬ್ಬಿ ಇಡಲಾರಂಭಿಸಿವೆ. ನಮ್ಮ ದೇಶದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಯಾನಿಟರಿ ತ್ಯಾಜ್ಯದ ಪಟ್ಟಿಯಲ್ಲಿ ಡೈಪರನ್ನೂ ಮೂತ್ರ ಸೋರುವವರು ಬಳಸುವ ಹಾಸನ್ನೂ ಆಗಲೇ ಸೇರಿಸಿದ್ದವು. ಆದ್ದರಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಬಸ್ ನಿಲ್ದಾಣ, ತಾಲ್ಲೂಕು ಕಚೇರಿ ಮತ್ತು ಸರ್ಕಾರಿ ಆಸ್ಪತ್ರೆಗಳ ಗಂಡಸರ ಶೌಚಾಲಯದಲ್ಲಿ, ಕದ ಹಾಕಿಕೊಳ್ಳುವ ಕೋಣೆಯೊಳಗೆ, ಮುಚ್ಚಳವಿರುವ ಡಬ್ಬಿಯೊಂದನ್ನು ಇಡಿಸಬೇಕು. ಪಂಚಾಯಿತಿಯ ಕಸದ ಗಾಡಿಯವರು ಈ ಕಸವನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು. ನಾಲೆಗೆ ಬೀಳುವುದು ಹಾಗಾದರೂ ತಪ್ಪೀತು.

ವರ್ಷ ಕಳೆದರೂ ಸೋರಿಕೆ ನಿಲ್ಲದವರ ಸಂಖ್ಯೆ ಸಣ್ಣದು, ಸಂಕಟ ದೊಡ್ಡದು. ಅವರಿಗೆ ಸ್ಲಿಂಗ್ ಶಸ್ತ್ರಚಿಕಿತ್ಸೆಯಿದೆ, ಸೋರಿಕೆ ಹೆಚ್ಚಿದ್ದರೆ ಕೃತಕ ಮೂತ್ರ ಕವಾಟವಿದೆ. ವೃಷಣ ಚೀಲದೊಳಗೆ ಇಟ್ಟ ಪುಟ್ಟ ಪಂಪನ್ನು ಒತ್ತಿದರೆ ಪಟ್ಟಿ ಸಡಿಲಗೊಂಡು ಮೂತ್ರ ಹೋಗುತ್ತದೆ, ಕೆಲವು ನಿಮಿಷದಲ್ಲಿ ತಾನೇ ಬಿಗಿಯುತ್ತದೆ. ಇಂಥ ಕವಾಟವನ್ನು ಮೊದಲು ಅಳವಡಿಸಿದ್ದು 1972ರಲ್ಲಿ. ಅರ್ಧ ಶತಮಾನ ಕಳೆದರೂ ಅದರ ಬೆಲೆ ಲಕ್ಷಗಳಲ್ಲಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯುಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಮಿತಿ 1.5 ಲಕ್ಷ. ಸೋರಿಕೆಯ ಚಿಕಿತ್ಸೆಗಳಲ್ಲಿ ಯಾವುದು ಈ ಯೋಜನೆಯೊಳಗಿದೆ, ಯಾವುದು ಇಲ್ಲ, ಎಲ್ಲಿಗೆ ಹೋಗಬೇಕು ಎಂಬುದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಬರೆಸಿ ತರಿಸಿ, ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಫಲಕದಲ್ಲಿ ಹಾಕಿಸಬೇಕು. ಇಲ್ಲದ್ದನ್ನು ಸೇರಿಸಲು ಜಿಲ್ಲಾಡಳಿತ ಶಿಫಾರಸು ಮಾಡಬೇಕು. ಬೆಂಗಳೂರಿನ ನೆಫ್ರೋ–ಯೂರಾಲಜಿ ಸಂಸ್ಥೆಗೆ ಇಲ್ಲಿಂದಲೇ ಶಿಫಾರಸು ಪತ್ರ ಸಿಗುವಂತಾಗಬೇಕು.

ಈ ಮನವಿಗೆ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಅರ್ಜಿದಾರರು ಕೇಳಿಕೊಳ್ಳುತ್ತಾರೆ. ರೋಗಿಗಳ ಹೆಸರಿನ ಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಲಗತ್ತಿಸಿದೆ. ಅದನ್ನು ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಕೂಡದು, ಉತ್ತರದ ಲಕೋಟೆಯ ಮೇಲೆ ಕಾಯಿಲೆಯ ಹೆಸರು ಬರೆಯಕೂಡದು.

ಇಂತಿ,
ಕೊತ್ತತ್ತಿ ಹೋಬಳಿಯ ಅರ್ಜಿದಾರರು

ಪ್ರತಿ: ನಿರ್ದೇಶಕರು, ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲಾ ಪಂಚಾಯಿತಿ, ಮಂಡ್ಯ, ವಿಭಾಗೀಯ ನಿಯಂತ್ರಣಾಧಿಕಾರಿ, ಕೆಎಸ್‌ಆರ್‌ಟಿಸಿ, ಮಂಡ್ಯ