ದೊಡ್ಡ ಕಾರು ಕೊಳ್ಳೋದು ಸುಲಭ, ಸಾಕೋದು?

ಹೊಸದಾಗಿದ್ದಾಗ 40 ಲಕ್ಷ ರೂಪಾಯಿ ಬಾಳುತ್ತಿದ್ದ ಕಾರು ಹತ್ತು ವರ್ಷ ಕಳೆದರೆ ಒಂದು ಪುಟ್ಟ ಹೊಸ ಕಾರಿನ ಬೆಲೆಗೆ ಸಿಗುತ್ತದೆ. 'ಇಷ್ಟು ದುಡ್ಡಿಗೆ ಬೆಂಜ್ ಕಣೇ!' ಎಂದು ಮನೆಯವರ ಮುಖ ಅರಳುತ್ತದೆ. ಆ ದುಡ್ಡು ಬರುವುದು ಎಲ್ಲಿಂದ? ಎಷ್ಟೋ ಮನೆಗಳಲ್ಲಿ ಎತ್ತಿದ ಚೀಟಿಯಿಂದ, ಅಡವಿಡುವ ನಿಮ್ಮ ಬಳೆಯಿಂದ. ಹಾಗಾಗಿ 'ಕಾರಿನ ವಿಷಯ ಗಂಡಸರಿಗೆ' ಎಂದು ಸುಮ್ಮನಿರಬೇಡಿ, ಗೆಳತಿಯರೇ.

ಮುಖ್ಯವಾದ ಮಾತು ಇಷ್ಟೇ: ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯಲ್ಲ. ಐಷಾರಾಮಿ ಕಾರಿನ ಏರ್ ಸಸ್ಪೆನ್ಷನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟರೆ 40 ಲಕ್ಷದ ಕಾರಿನ ಬಿಲ್ಲೇ ಕೈಗೆ ಬರುತ್ತೆ.

ನಮ್ಮ ನಂಗಲಿಯನ್ನೇ ನೋಡಿ. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಮುಳಬಾಗಿಲು ದಾಟಿ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಬೆಂಗಳೂರು ಇಲ್ಲಿಂದ 100 ಕಿ.ಮೀ.ಗೂ ದೂರ. ಕೆಲವು ಜರ್ಮನ್ ಕಾರುಗಳಲ್ಲಿ ರನ್-ಫ್ಲ್ಯಾಟ್ ಟೈರ್ ಇರುವುದರಿಂದ ಸ್ಟೆಪ್ನಿಯೇ ಇರುವುದಿಲ್ಲ. ರಾತ್ರಿ ಹೊತ್ತು ಮಕ್ಕಳ ಜೊತೆ ಹೊರಟಾಗ ಟೈರ್ ಹರಿದರೆ ಗತಿಯೇನು? ಹತ್ತಿರದಲ್ಲೇ ರಿಪೇರಿ ಆಗದ ಕಾರು ಎಷ್ಟು ಚೆಂದವಿದ್ದರೂ ನಮಗಲ್ಲ.

ಸುಖವೂ ಬೇಕು, ಖರ್ಚೂ ಮಿತಿಯಲ್ಲಿರಬೇಕು ಅನ್ನುವವರಿಗೆ ಟೊಯೋಟಾ ಕೊರೊಲಾ ಆಲ್ಟಿಸ್ ಒಳ್ಳೆಯ ಆಯ್ಕೆ. ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಕಾರು ಅದು. 2020ರಲ್ಲಿ ಮಾರಾಟ ನಿಂತಿತು. ಆದ್ದರಿಂದ ಹೆಡ್‌ಲೈಟು, ಬಂಪರು ಈಗಲೂ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿ. ಅದೇ ವರ್ಷ ನಿಂತ ಹೋಂಡಾ ಸಿವಿಕ್‌ಗೂ ಇದೇ ಮಾತು. ಕ್ಯಾಮ್ರಿ ಹೈಬ್ರಿಡ್ ಆದರೆ ಬ್ಯಾಟರಿ ತಪಾಸಣೆ ಮಾಡಿಸದೆ ಮುಂಗಡ ಕೊಡಬೇಡಿ.

ಕೊಳ್ಳುವ ಮುನ್ನ ಇಷ್ಟು ಮಾಡಿ:

* 2015 ಮತ್ತು 2023ರಲ್ಲಿ ಚೆನ್ನೈನಲ್ಲಿ, 2022ರಲ್ಲಿ ಬೆಂಗಳೂರಿನಲ್ಲಿ ಬಂದ ನೆರೆಗೆ ದುಬಾರಿ ಕಾರುಗಳೂ ಮುಳುಗಿದ್ದವು. ಸೀಟ್‌ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಕಲೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಒಣಗದ ಬಟ್ಟೆಯ ಮುಗ್ಗಲು ವಾಸನೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

* ಸರ್ವಿಸ್ ದಾಖಲೆ ಕೇಳಿ. ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿ. ಟೈರು, ಬ್ರೇಕ್ ಪ್ಯಾಡು, ಬ್ಯಾಟರಿ, ವಿಮೆ, ಎಲ್ಲದರ ಬೆಲೆ ಕೇಳಿ ವರ್ಷದ ಖರ್ಚು ಬರೆದಿಡಿ.

* ಗಡಿಯಾಚೆಯ ಆಂಧ್ರ ನಂಬರಿನ ಕಾರು ಅಗ್ಗವೆಂದು ಮರುಳಾಗಬೇಡಿ. ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಎನ್‌ಒಸಿ ತಂದು ಕರ್ನಾಟಕದ ನಂಬರು ಪಡೆಯಬೇಕು. ಜೀವಾವಧಿ ತೆರಿಗೆ ಲೆಕ್ಕ ಹಾಕುವುದು ನೀವು ಕೊಟ್ಟ ದುಡ್ಡಿನ ಮೇಲಲ್ಲ, ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ.

* ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ. ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕೊಂಡ ಮೇಲೆ ಒಂದು ದೊಡ್ಡ ರಿಪೇರಿಗಾಗುವಷ್ಟು ಹಣ ಕೈಯಲ್ಲಿ ಉಳಿಯುತ್ತದೆಯೇ? ಹಾಗಾದರೆ ಸಂತೋಷವಾಗಿ ಕೊಳ್ಳಿ. ಉಳಿಯದಿದ್ದರೆ ಈ ವರ್ಷ ಬೇಡ ಅನ್ನಿ. ಬೀದಿಯವರು ಮೆಚ್ಚುವುದು ಎರಡು ದಿನ, ಕಂತು ಕಟ್ಟುವುದು ವರ್ಷಗಟ್ಟಲೆ. ಬೇಡ ಅನ್ನುವ ಹಕ್ಕು ನಿಮಗೂ ಇದೆ.